ಎಲ್ 7 ಸೀಟಿಗೆ ಬೀಳದ ಕ್ಲಿಕ್: ಒಂದು ಪ್ರಕರಣ ಅಧ್ಯಯನ

ರಾತ್ರಿ ಒಂದೂವರೆಗೆ ಜೆಂಕಿನ್ಸ್ ಅನ್ನುವ ಸಾಫ್ಟ್‌ವೇರ್ ನಮ್ಮ ಟೆಸ್ಟ್‌ಗಳನ್ನೆಲ್ಲ ಓಡಿಸುತ್ತದೆ. ಬೆಳಿಗ್ಗೆ ನಾವು ಕಾಫಿ ಹಿಡಿದು ಕೂರುವ ಹೊತ್ತಿಗೆ ರಿಪೋರ್ಟ್ ಮೇಲ್‌ನಲ್ಲಿರುತ್ತದೆ. ಟೆಸ್ಟ್ ಅಂದರೆ ಬ್ರೌಸರ್ ತೆರೆದು, ಮನುಷ್ಯರ ಹಾಗೆ ಒತ್ತಿ, ಸೈಟ್ ಸರಿಯಾಗಿದೆಯಾ ಅಂತ ನೋಡುವ ಸ್ಕ್ರಿಪ್ಟ್. ಒಟ್ಟು 140 ಟೆಸ್ಟ್‌ಗಳು. 139 ಹೇಳಿದ ಮಾತು ಕೇಳುತ್ತಿದ್ದವು. ಒಂದು ಮಾತ್ರ ವಾರದಲ್ಲಿ ಎರಡು ಮೂರು ದಿನ ಕೆಂಪು, ಅಂದರೆ ಫೇಲ್, ಮಿಕ್ಕ ದಿನ ಹಸಿರು. ಕೋಡ್ ಬದಲಾಗಿರುತ್ತಿರಲಿಲ್ಲ. ಮತ್ತೊಮ್ಮೆ ಓಡಿಸಿದರೆ ಪಾಸ್. ಹಾಗಾಗಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ: ರೀರನ್ ಒತ್ತಿ, ತಿಂಡಿಗೆ ಹೋಗುವುದು.

ಟೀಮ್‌ಗೆ ಹೊಸದಾಗಿ ಸೇರಿದ ಹುಡುಗ ಎರಡನೇ ವಾರದಲ್ಲಿ ಕೇಳಿದ. "ಅಣ್ಣಾ, ರೀರನ್ ಕೊಟ್ಟರೆ ಪಾಸ್ ಆಗುತ್ತೆ ಅಂದ್ರೆ, ಮೊದಲ ಸಲ ಯಾಕೆ ಆಗಲಿಲ್ಲ?"

ಉತ್ತರ ನನ್ನ ಹತ್ತಿರ ಇರಲಿಲ್ಲ. "ಅದು ಫ್ಲೇಕಿ ಟೆಸ್ಟ್ ಕಣೋ" ಅಂದೆ. ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗೆ ಇಟ್ಟ ಹೆಸರು ಅದು, ಅಷ್ಟೇ. ಜ್ವರ ಯಾಕೆ ಬಂತು ಅಂದರೆ ಮೈ ಬಿಸಿಯಾಗಿದೆ ಅಂದ ಹಾಗಾಯಿತು. ಆಮೇಲೆ ಇಬ್ಬರೂ ಕೂತು ಹುಡುಕಿದೆವು. ಸುಮಾರು ಮೂರು ವಾರ ಹಿಡಿಯಿತು, ಬೇರೆ ಕೆಲಸದ ಮಧ್ಯೆ.

ಸೈಟ್ ಯಾವುದು ಅಂತ ಹೇಳುವುದಿಲ್ಲ. ಬಸ್ ಟಿಕೆಟ್ ಬುಕ್ ಮಾಡುವ ಸೈಟ್, ಅಷ್ಟು ಸಾಕು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಲಿಂಕ್ ತೆರೆಯಬೇಕು, ಊರು ತಾರೀಖು ಎಲ್ಲ ಲಿಂಕ್‌ನಲ್ಲೇ ಇರುತ್ತದೆ. 'ಬಸ್ ಹುಡುಕಿ' ಒತ್ತಬೇಕು. ಮೊದಲ ಸ್ಲೀಪರ್ ಬಸ್ಸಿನ ಸೀಟ್ ನಕ್ಷೆಯಲ್ಲಿ ಕೆಳಗಿನ ಬರ್ತ್ ಎಲ್ 7 ಒತ್ತಬೇಕು. 'ಮುಂದುವರಿಯಿರಿ' ಒತ್ತಬೇಕು. ಪ್ರಯಾಣಿಕರ ವಿವರ ತುಂಬುವ ಪುಟ ಬಂದರೆ ಟೆಸ್ಟ್ ಪಾಸ್. ಮೂರೇ ಕ್ಲಿಕ್. ಕೈಯಿಂದ ಮಾಡಿದರೆ ಅರ್ಧ ನಿಮಿಷದ ಕೆಲಸ. ನಮ್ಮ ಸ್ಕ್ರಿಪ್ಟ್ ಜಾವಾದಲ್ಲಿತ್ತು, ಬ್ರೌಸರನ್ನು ಕೋಡ್‌ನಿಂದ ನಡೆಸುವ ಸೆಲೆನಿಯಂ 4 ಮತ್ತು ಕ್ರೋಮ್ ಮೇಲೆ ಓಡುತ್ತಿತ್ತು.

ಆದರೆ ಆ ಪುಟ ಒಂದು ಕಡೆ ನಿಲ್ಲುವುದಿಲ್ಲ. ಪ್ರತಿ 4 ಸೆಕೆಂಡಿಗೊಮ್ಮೆ ಸರ್ವರ್‌ಗೆ ಹೋಗಿ ಯಾವ ಸೀಟು ಹೋಯಿತು, ಯಾವುದು ಉಳಿಯಿತು ಅಂತ ಕೇಳಿಕೊಂಡು ಬರುತ್ತದೆ. ಸೀಟು ಕಮ್ಮಿಯಾದಾಗ ಕೆಳಗಿನಿಂದ ಒಂದು ಬ್ಯಾನರ್ ಏರಿ ಬರುತ್ತದೆ, "ಇನ್ನು 6 ಸೀಟು ಮಾತ್ರ" ಅಂತ. ಮನುಷ್ಯರಿಗೆ ಇದೆಲ್ಲ ಅಭ್ಯಾಸ. ಕಣ್ಣು ನೋಡಿಕೊಳ್ಳುತ್ತದೆ, ಕೈ ತಾನಾಗಿ ಒಂದು ಕ್ಷಣ ತಡೆಯುತ್ತದೆ. ಸ್ಕ್ರಿಪ್ಟ್‌ಗೆ ಆ ಕಣ್ಣಿಲ್ಲ.

ನಮಗಿಂತ ಮೊದಲಿದ್ದವರು ಇದಕ್ಕೆ ಒಂದೇ ಮದ್ದು ಹಾಕುತ್ತಾ ಬಂದಿದ್ದರು: ಸ್ಲೀಪ್. ಕ್ಲಿಕ್ ಆಗಲಿಲ್ಲವಾ, 3 ಸೆಕೆಂಡ್ ಮಲಗು. ಸರಾಸರಿ ಒಂದು ಟೆಸ್ಟ್‌ಗೆ ಇಂಥ ನಾಲ್ಕು ಸ್ಲೀಪ್ ಇದ್ದವು. ಲೆಕ್ಕ ಹಾಕಿದೆವು. 140 ಟೆಸ್ಟ್‌ಗೆ 1,680 ಸೆಕೆಂಡ್, ಅಂದರೆ 28 ನಿಮಿಷ ಬ್ರೌಸರ್‌ಗಳು ಸುಮ್ನೆ ಕೂತಿರುತ್ತಿದ್ದವು. ನಾಲ್ಕು ಬ್ರೌಸರ್ ಒಟ್ಟಿಗೆ ಓಡುವುದರಿಂದ ಗಡಿಯಾರದಲ್ಲಿ 7 ನಿಮಿಷ ಅಷ್ಟೇ, ಹಾಗಾಗಿ ಯಾರಿಗೂ ಚುರುಕು ಮುಟ್ಟಿರಲಿಲ್ಲ.

ನಾವು ಮೊದಲು ಕೋಡ್ ಮುಟ್ಟಲಿಲ್ಲ. ಆರು ವಾರದ ಲಾಗ್, ಅಂದರೆ ಟೆಸ್ಟ್ ಓಡಿದ ಪೂರ್ತಿ ದಾಖಲೆ ತೆಗೆದು ಆ ಒಂದು ಟೆಸ್ಟ್ ಬಿದ್ದ ರಾತ್ರಿಗಳನ್ನು ಮಾತ್ರ ಓದಿದೆವು. 17 ಸಲ ಬಿದ್ದಿತ್ತು. ರಿಪೋರ್ಟ್‌ನಲ್ಲಿ ಹದಿನೇಳೂ ಒಂದೇ ಕೆಂಪು. ಲಾಗ್‌ನಲ್ಲಿ ಹಾಗಿರಲಿಲ್ಲ. 11 ಸಲ ಎಲ್ 7 ಒತ್ತುವಾಗ 'ಸ್ಟೇಲ್ ಎಲಿಮೆಂಟ್ ರೆಫರೆನ್ಸ್' ಅಂತ ಬಿದ್ದಿತ್ತು. 6 ಸಲ 'ಬಸ್ ಹುಡುಕಿ' ಒತ್ತಿದ ಮೇಲೆ ಬಸ್ಸುಗಳ ಪಟ್ಟಿ ಬರಲೇ ಇಲ್ಲ, ಟೈಮ್‌ಔಟ್. ಎರಡು ಬೇರೆ ಬೇರೆ ಕಾಯಿಲೆಗೆ ಆರು ತಿಂಗಳಿಂದ ಒಂದೇ ಮಾತ್ರೆ ಕೊಟ್ಟಿದ್ದೆವು.

ಹಳೆ ಟೋಕನ್

ಸ್ಟೇಲ್ ಅಂದರೆ ಏನು ಅಂತ ಹುಡುಗನಿಗೆ ಹೇಳಲು ದರ್ಶಿನಿಯ ಟೋಕನ್ ಬಳಸಿದೆ. ಸೆಲೆನಿಯಂಗೆ "ಎಲ್ 7 ಹುಡುಕು" ಅಂದರೆ ಅದು ಸೀಟನ್ನೇ ತಂದು ಕೊಡುವುದಿಲ್ಲ. ಪುಟದ ಪ್ರತಿ ತುಣುಕಿಗೂ ನೋಡ್ ಅನ್ನುತ್ತಾರೆ. ಸೆಲೆನಿಯಂ ಆ ಕ್ಷಣ ಪುಟದಲ್ಲಿರುವ ಒಂದು ನೋಡ್‌ಗೆ ಟೋಕನ್ ಕೊಡುತ್ತದೆ. ಆ ನೋಡ್ ಅಳಿಸಿ ಹೋಗಿ, ಅದೇ ಜಾಗಕ್ಕೆ ಅಚ್ಚು ಹಾಗೇ ಇರುವ ಹೊಸ ನೋಡ್ ಬಂದರೆ ನಮ್ಮ ಕಣ್ಣಿಗೆ ವ್ಯತ್ಯಾಸ ಇಲ್ಲ. ಟೋಕನ್ ಮಾತ್ರ ಹಳೆಯದು. ನಿನ್ನೆಯ ಟೋಕನ್ ತೋರಿಸಿ ಇವತ್ತು ದೋಸೆ ಕೇಳಿದರೆ ಕೌಂಟರ್‌ನಲ್ಲಿ ಕೊಡುತ್ತಾರಾ?

ನಮ್ಮ ಸ್ಕ್ರಿಪ್ಟ್ ಮಾಡುತ್ತಿದ್ದದ್ದು ಇದು: ಎಲ್ 7 ಹುಡುಕು, ಟೋಕನ್ ಇಟ್ಟುಕೋ, 3 ಸೆಕೆಂಡ್ ಮಲಗು, ಆಮೇಲೆ ಒತ್ತು. ಕ್ಲಿಕ್ ಗಟ್ಟಿಯಾಗಲಿ ಅಂತ ಹಾಕಿದ ಸ್ಲೀಪ್, ಟೋಕನ್ ಹಳೆಯದಾಗಲು ಬೇಕಾದ ಸಮಯವನ್ನೇ ಕೊಡುತ್ತಿತ್ತು. ಯಾರೋ ಒಮ್ಮೆ ಅದನ್ನು 2 ಸೆಕೆಂಡಿನಿಂದ 3ಕ್ಕೆ ಏರಿಸಿದ್ದರು, "ಸ್ಟೆಬಿಲಿಟಿ ಹೆಚ್ಚಿಸಲು" ಅಂತ ಕಾಮೆಂಟ್ ಬೇರೆ.

ಆದರೆ ಇಲ್ಲೊಂದು ಲೆಕ್ಕ ಕೂಡುತ್ತಿರಲಿಲ್ಲ. ನಕ್ಷೆ 4 ಸೆಕೆಂಡಿಗೊಮ್ಮೆ ಹೊಸದಾಗುವುದಾದರೆ, 3 ಸೆಕೆಂಡ್ ಮಲಗುವ ಟೆಸ್ಟ್ ನಾಲ್ಕರಲ್ಲಿ ಮೂರು ಸಲ ಬೀಳಬೇಕಿತ್ತು. ಅಷ್ಟು ಬೀಳುತ್ತಿರಲಿಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಂತೂ ಒಂದು ಸಲವೂ ಬಿದ್ದಿರಲಿಲ್ಲ.

ಪುಟದ ಒಳಗನ್ನು ಬಿಚ್ಚಿ ನೋಡಲು ಕ್ರೋಮ್‌ನಲ್ಲಿರುವ ಡೆವ್‌ಟೂಲ್ಸ್‌ನಲ್ಲಿ ಒಂದು ಸೌಲಭ್ಯ ಇದೆ, ಜಾಸ್ತಿ ಜನ ಬಳಸುವುದಿಲ್ಲ. ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ಯಾವುದಾದರೂ ನೋಡ್ ಮೇಲೆ ರೈಟ್ ಕ್ಲಿಕ್ ಮಾಡಿ 'ಬ್ರೇಕ್ ಆನ್' ಅಡಿಯಲ್ಲಿ 'ನೋಡ್ ರಿಮೂವಲ್' ಆರಿಸಿದರೆ, ಆ ನೋಡ್ ಅಳಿಸುವ ಸಾಲಿನಲ್ಲೇ ಪುಟ ನಿಂತುಬಿಡುತ್ತದೆ. ಎಲ್ 7ರ ಮೇಲೆ ಅದನ್ನು ಹಾಕಿ ಕಾದೆವು. ನಾಲ್ಕು ಸೆಕೆಂಡ್ ಆಯಿತು, ಎಂಟಾಯಿತು, ಒಂದು ನಿಮಿಷ ಆಯಿತು. ಏನೂ ಇಲ್ಲ. ಹುಡುಗ ಬೇಜಾರಾಗಿ ತನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಬಸ್ ತೆರೆದು ಮೇಲಿನ ಬರ್ತ್ ಯು 3 ಬುಕ್ ಮಾಡಿದ. ನನ್ನ ಪುಟ ಟಕ್ ಅಂತ ನಿಂತಿತು. ಅವನು ಒತ್ತಿದ್ದು ಯು 3. ನನ್ನಲ್ಲಿ ಅಳಿಸಿ ಹೋಗುತ್ತಿದ್ದದ್ದು ಎಲ್ 7.

ಪುಟ ಕಟ್ಟಿದ್ದು ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ. ರಿಯಾಕ್ಟ್‌ನಲ್ಲಿ ಪಟ್ಟಿಯ ಪ್ರತಿ ಐಟಂಗೂ ಒಂದು ಕೀ, ಅಂದರೆ ಗುರುತಿನ ಹೆಸರು ಕೊಡಬೇಕು. ಕೀ ಹಳೆಯದೇ ಇದ್ದರೆ ಹಳೆ ನೋಡ್ ಉಳಿಸಿಕೊಂಡು ಬದಲಾದ ಭಾಗ ಮಾತ್ರ ತಿದ್ದುತ್ತದೆ. ಕೀ ಬದಲಾದರೆ "ಇದು ಬೇರೆಯೇ ವಸ್ತು" ಅಂದುಕೊಂಡು ಹಳೆಯದನ್ನು ಬಿಸಾಕಿ ಹೊಸದು ಕಟ್ಟುತ್ತದೆ. ನಮ್ಮ ಪುಟದಲ್ಲಿ ಕೀ ಏನಿತ್ತು ಅಂದರೆ, ಸೀಟ್ ನಂಬರ್ ಜೊತೆಗೆ ನಕ್ಷೆ ಕೊನೆಯ ಸಲ ಬದಲಾದ ಸಮಯ. ಬಸ್ಸಿನಲ್ಲಿ ಯಾರೋ ಒಬ್ಬರು ಒಂದು ಸೀಟು ಹಿಡಿದರೆ ಆ ಸಮಯ ಬದಲಾಗುತ್ತದೆ, 30 ಬರ್ತ್‌ಗಳ ಕೀಯೂ ಬದಲಾಗುತ್ತದೆ, 30 ಬರ್ತ್‌ಗಳೂ ಹೊಸದಾಗಿ ಹುಟ್ಟುತ್ತವೆ.

ಎಲ್ಲ ಕೂಡಿಬಂತು. ಲ್ಯಾಪ್‌ಟಾಪ್‌ನಲ್ಲಿ ನಾವೊಬ್ಬರೇ, ಬೇರೆ ಯಾರೂ ಸೀಟು ಹಿಡಿಯುವುದಿಲ್ಲ. ಜೆಂಕಿನ್ಸ್‌ನಲ್ಲಿ ನಾಲ್ಕು ಬ್ರೌಸರ್ ಒಟ್ಟಿಗೆ ಅದೇ ಬಸ್ಸಿನಲ್ಲಿ ಬುಕ್ ಮಾಡುತ್ತವೆ. ಆ 3 ಸೆಕೆಂಡ್ ನಿದ್ದೆಯ ಹೊತ್ತಿಗೆ ಪಕ್ಕದ ಟೆಸ್ಟ್ ಒಂದು ಸೀಟು ಹಿಡಿದಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು.

ಸ್ಕ್ರಿಪ್ಟ್ ಸರಿಮಾಡುವುದು ಐದು ನಿಮಿಷದ ಕೆಲಸ. ಟೋಕನ್ ಇಟ್ಟುಕೊಳ್ಳಬೇಡ, ಒತ್ತುವ ಕ್ಷಣದಲ್ಲೇ ಹುಡುಕು. ಹಾಗೆ ಮಾಡಿ ಮುಗಿಸಿಬಿಡುತ್ತಿದ್ದೆವೇನೋ. ಹುಡುಗ ಸುಮ್ಮನಿರಲಿಲ್ಲ. "ಅಣ್ಣಾ, ನಿಜವಾದ ಜನ ಒತ್ತುವಾಗ ಹೀಗಾದರೆ?"

ಮಾಡಿ ನೋಡಿದೆವು. ನಾನು ಎಲ್ 7ರ ಮೇಲೆ ಮೌಸ್ ಬಟನ್ ಒತ್ತಿ ಹಿಡಿದೆ. ಅವನು ಯು 4 ಬುಕ್ ಮಾಡಿದ. ನಕ್ಷೆ ಒಮ್ಮೆ ಮಿಸುಕಿತು. ನಾನು ಬಟನ್ ಬಿಟ್ಟೆ. ಎಲ್ 7 ಆಯ್ಕೆಯಾಗಲಿಲ್ಲ. ಒತ್ತಿದ್ದು ಹಳೆ ನೋಡ್ ಮೇಲೆ, ಬಿಟ್ಟಿದ್ದು ಹೊಸದರ ಮೇಲೆ. ಬ್ರೌಸರ್ ಲೆಕ್ಕದಲ್ಲಿ ಆ ಸೀಟಿಗೆ ಕ್ಲಿಕ್ ಬಿದ್ದೇ ಇಲ್ಲ. ಕೀಬೋರ್ಡ್‌ನಲ್ಲಿ ಟ್ಯಾಬ್ ಒತ್ತುತ್ತಾ ಎಲ್ 7ಕ್ಕೆ ಬಂದವರ ಗತಿಯೂ ಅದೇ. ನೋಡ್ ಹೋದ ಕೂಡಲೇ ಫೋಕಸ್, ಅಂದರೆ ಕೀಬೋರ್ಡ್ ಯಾವ ಸೀಟಿನ ಮೇಲೆ ನಿಂತಿದೆ ಅನ್ನುವ ಗುರುತು ಹೋಯಿತು.

ಕಸ್ಟಮರ್ ಕೇರ್‌ನವರ ಹತ್ತಿರ ಕೇಳಿದೆವು. "ಸೀಟ್ ಎರಡು ಸಲ ಒತ್ತಬೇಕು" ಅನ್ನುವ ದೂರು ತಿಂಗಳುಗಳಿಂದ ಬರುತ್ತಿತ್ತಂತೆ, ಶುಕ್ರವಾರ ಸಂಜೆ ಹೆಚ್ಚು. ಗ್ರಾಹಕರ ಇಂಟರ್‌ನೆಟ್ ನಿಧಾನ ಅಂತ ಬರೆದು ಮುಚ್ಚುತ್ತಿದ್ದರು. ಊರಿಗೆ ಹೋಗುವವರೆಲ್ಲ ಒಟ್ಟಿಗೆ ಬುಕ್ ಮಾಡುವ ಹೊತ್ತು ಅದು. ಇಂಟರ್‌ನೆಟ್‌ನದ್ದೇನೂ ತಪ್ಪಿರಲಿಲ್ಲ ಅಂತ ನನ್ನ ನಂಬಿಕೆ. ಆ ಪುಟ ಬರೆದ ಡೆವಲಪರ್ ಮೇಡಂ ನೋಡಿದ ಕೂಡಲೇ "ಅಯ್ಯೋ, ಇದು ನಂದೇ" ಅಂದರು. ಕೀಯಲ್ಲಿ ಸೀಟ್ ನಂಬರ್ ಮಾತ್ರ ಉಳಿಸಿದರು. ಒಂದು ಸಾಲಿನ ಬದಲಾವಣೆ.

ನೀರು ಬೀಳದ ಅವಲಕ್ಕಿ

ಇನ್ನು ಆ ಆರು ಟೈಮ್‌ಔಟ್. ಇದು ಇನ್ನೂ ಕಿರಿಕಿರಿ, ಯಾಕೆಂದರೆ ಇಲ್ಲಿ ಎರರ್ರೇ ಇಲ್ಲ. 'ಬಸ್ ಹುಡುಕಿ' ಕ್ಲಿಕ್ ಆಯಿತು ಅಂತ ಸೆಲೆನಿಯಂ ಹೇಳುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಬಟನ್ ಕಾಣುತ್ತದೆ, ಚೆನ್ನಾಗೇ ಇದೆ. ಪಟ್ಟಿ ಮಾತ್ರ ಬರುವುದಿಲ್ಲ.

ಮೊದಲು ನನ್ನ ಅನುಮಾನ ಲೋಕೇಟರ್ ಮೇಲೆ, ಅಂದರೆ ಬಟನ್ ಹುಡುಕಲು ಸ್ಕ್ರಿಪ್ಟ್‌ಗೆ ಕೊಡುವ ಗುರುತಿನ ಮೇಲೆ. ಬಟನ್‌ನ ಐಡಿ ಪ್ರತಿ ಬಿಲ್ಡ್‌ಗೂ ಬದಲಾಗುತ್ತಿತ್ತು, ಹಾಗಾಗಿ ಬಟನ್ ಮೇಲಿನ ಅಕ್ಷರ ನೋಡಿ ಹುಡುಕುತ್ತಿದ್ದೆವು. ಸೈಟ್‌ನ ಕನ್ನಡ ಆವೃತ್ತಿಯಲ್ಲಿ ಇದು ಒಮ್ಮೆ ಕೈಕೊಟ್ಟಿತ್ತು. 'ಬಸ್' ಆದ ಮೇಲೆ ಒಂದು ಜೀರೋ ವಿಡ್ತ್ ನಾನ್ ಜಾಯ್ನರ್ ಕೂತಿತ್ತು. ಅರ್ಕಾವೊತ್ತು ಅಥವಾ ಒತ್ತಕ್ಷರ ಆಗದಂತೆ ತಡೆಯಲು ಕನ್ನಡ ಟೈಪಿಂಗ್‌ನಲ್ಲಿ ಬರುವ ಅಕ್ಷರ ಅದು. ಮುಂದೆ ಖಾಲಿ ಜಾಗ ಇದ್ದರೆ ಅದು ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ. ಕಂಪ್ಯೂಟರ್‌ಗೆ ಎರಡೂ ಬೇರೆ. ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ ಆಗ. ಈ ಸಲ ಅದಲ್ಲ. ಅದಾಗಿದ್ದರೆ ಬಟನ್ ಸಿಗುತ್ತಲೇ ಇರಲಿಲ್ಲ, ಕ್ಲಿಕ್‌ವರೆಗೆ ಹೋಗುತ್ತಿರಲಿಲ್ಲ. ಆದರೂ ಅದೇ ನೆಪದಲ್ಲಿ ಡೆವಲಪರ್ ಮೇಡಂಗೆ ಹೇಳಿ ಮುಖ್ಯ ಬಟನ್‌ಗಳಿಗೂ ಸೀಟುಗಳಿಗೂ ಟೆಸ್ಟ್‌ಗೆಂದೇ ಒಂದು ಆಟ್ರಿಬ್ಯೂಟ್, ಅಂದರೆ ಕೋಡ್‌ನೊಳಗಿನ ಹೆಸರಿನ ಚೀಟಿ ಹಾಕಿಸಿಕೊಂಡೆವು. ಭಾಷೆ ಬದಲಾದರೂ ಡಿಸೈನ್ ಬದಲಾದರೂ ಅದು ಬದಲಾಗುವುದಿಲ್ಲ.

ಕಾರಣ ಬೇರೆ ಕಡೆ ಇತ್ತು. ಮುಖಪುಟ ಬೇಗ ಕಾಣಲಿ ಅಂತ ಅದರ ಎಚ್‌ಟಿಎಂಎಲ್ ಸರ್ವರ್‌ನಲ್ಲೇ ತಯಾರಾಗಿ ಬರುತ್ತದೆ. ಅದರ ಹಿಂದೆ ಜಾವಾಸ್ಕ್ರಿಪ್ಟ್ ಫೈಲ್ ಇಳಿದು, ಪುಟದಲ್ಲಿರುವ ಬಟನ್‌ಗಳಿಗೆ ಕೆಲಸ ಅಂಟಿಸುತ್ತದೆ. ಈ ಅಂಟಿಸುವುದಕ್ಕೆ ಹೈಡ್ರೇಷನ್ ಅನ್ನುತ್ತಾರೆ. ಹೆಸರು ಇಟ್ಟವರು ಅವಲಕ್ಕಿ ನೆನೆಸಿದ್ದರೋ ಏನೋ, ತಟ್ಟೆಗೆ ಹಾಕಿದ ಕೂಡಲೇ ತಿನ್ನಲಾಗುವುದಿಲ್ಲ, ನೀರು ಬೀಳಬೇಕು. ಆ ಫೈಲ್ ಬರುವ ಮೊದಲು ಒತ್ತಿದರೆ ಕ್ಲಿಕ್ ಬೀಳುತ್ತದೆ, ಕೇಳಿಸಿಕೊಳ್ಳುವವರು ಇಲ್ಲ. ಫಾರ್ಮ್ ಒಳಗಿನ ಸಬ್ಮಿಟ್ ಬಟನ್ ಆಗಿದ್ದರೆ ಪುಟವಾದರೂ ಮತ್ತೆ ಲೋಡ್ ಆಗಿ ಸುಳಿವು ಸಿಗುತ್ತಿತ್ತು. ಇದು ಬರೀ ಬಟನ್.

ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಈ ಅಂತರ ಕಣ್ಣು ಮಿಟುಕಿಸುವಷ್ಟು. ಜೆಂಕಿನ್ಸ್ ಮಷಿನ್‌ನಲ್ಲಿ ನಾಲ್ಕು ಬ್ರೌಸರ್ ಒಂದೇ ಸಿಪಿಯು ಹಂಚಿಕೊಂಡು ಏದುಸಿರು ಬಿಡುತ್ತಿರುತ್ತವೆ. ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ, ಸಿಪಿಯುವನ್ನೂ ನಾಲ್ಕು ಪಟ್ಟು ನಿಧಾನ ಮಾಡಿ ಕೈಯಿಂದಲೇ ಒತ್ತಿ ನೋಡಿದೆ. ಒಂದು, ಎರಡು, ಮೂರು ಸಲ ಏನೂ ಇಲ್ಲ. ನಾಲ್ಕನೆಯದಕ್ಕೆ ಪಟ್ಟಿ ಬಂತು. ಹಳೆ ಫೋನಿನಲ್ಲಿ, ಸಿಗ್ನಲ್ ಸರಿಯಿಲ್ಲದ ಊರಿನಲ್ಲಿ ಕೂತವರಿಗೆ ದಿನಾ ಇದೇ ಅನುಭವ ಅಲ್ವಾ?

ಪಟ್ಟಿ ಬರುವವರೆಗೆ ಒತ್ತುತ್ತಲೇ ಇರು ಅಂತ ಸ್ಕ್ರಿಪ್ಟ್ ಬರೆಯಬಹುದಿತ್ತು. ಅದರ ಬದಲು ಬಟನ್ ಮೊದಲು ಡಿಸೇಬಲ್ ಆಗಿಯೇ ಬರಲಿ, ಸ್ಕ್ರಿಪ್ಟ್ ಅಂಟಿದ ಮೇಲೆ ಎನೇಬಲ್ ಆಗಲಿ ಅಂತ ಕೇಳಿದೆವು. ಈಗ ನೋಡುವವರಿಗೂ ಬಟನ್ ಬೂದು ಬಣ್ಣದಲ್ಲಿ ಕಾಣುತ್ತದೆ, ಕಾಯಬೇಕು ಅಂತ ಗೊತ್ತಾಗುತ್ತದೆ. ಟೆಸ್ಟ್ ಕೂಡ ಅದನ್ನೇ ಕಾಯುತ್ತದೆ. ಎಷ್ಟು ಸೆಕೆಂಡ್ ಅಂತ ಅಲ್ಲ, ಎನೇಬಲ್ ಆಗುವವರೆಗೆ.

ಕಾಯುವ ವಿಷಯದಲ್ಲೇ ಇನ್ನೊಂದು ಹುಳುಕು ಸಿಕ್ಕಿತು. ಎಲ್ಲ ಟೆಸ್ಟ್‌ಗಳೂ ಬಳಸುವ ಬೇಸ್ ಕ್ಲಾಸ್‌ನಲ್ಲಿ ಯಾರೋ 10 ಸೆಕೆಂಡ್ ಇಂಪ್ಲಿಸಿಟ್ ವೇಟ್ ಹಾಕಿಟ್ಟಿದ್ದರು: ಏನೇ ಹುಡುಕಿದರೂ, ಸಿಗದಿದ್ದರೆ ಅಷ್ಟು ಹೊತ್ತು ಕಾಯು ಅಂತ. ಅದರ ಮೇಲೆ ಎಲ್ಲ ಕಡೆ ಎಕ್ಸ್‌ಪ್ಲಿಸಿಟ್ ವೇಟ್, ಅಂದರೆ ಇಂಥದ್ದು ಆಗುವವರೆಗೆ ಕಾಯು ಅಂತ ಆಯಾ ಜಾಗದಲ್ಲಿ ಬರೆಯುವುದು. ಇವೆರಡನ್ನೂ ಬೆರೆಸಬೇಡಿ ಅಂತ ಸೆಲೆನಿಯಂನವರೇ ತಮ್ಮ ಕೈಪಿಡಿಯಲ್ಲಿ ಬರೆದಿದ್ದಾರೆ. ಬೆರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮದೇ ಉದಾಹರಣೆ. ಲೋಡಿಂಗ್ ಚಕ್ರ ಮಾಯವಾಗಲಿ ಅಂತ ಕಾಯುವ ಕಡೆ, ಅದು ಮಾಯವಾಗಿದ್ದರೂ ಇಂಪ್ಲಿಸಿಟ್ ವೇಟ್ "ಬರಬಹುದು, ತಾಳು" ಅಂತ ಪೂರ್ತಿ 10 ಸೆಕೆಂಡ್ ಹುಡುಕುತ್ತಿತ್ತು. ಇಲ್ಲದ ವಸ್ತು ಇಲ್ಲ ಅಂತ ಖಾತ್ರಿಯಾಗಲು ಪ್ರತಿ ಸಲ 10 ಸೆಕೆಂಡ್. ಇಂಪ್ಲಿಸಿಟ್ ಅನ್ನು ಸೊನ್ನೆ ಮಾಡಿದೆವು, ಅದರ ಡೀಫಾಲ್ಟ್ ಕೂಡ ಸೊನ್ನೆಯೇ. ಸ್ಲೀಪ್‌ಗಳನ್ನು ಕಿತ್ತಿದ್ದಕ್ಕಿಂತ ಇದರಿಂದ ಉಳಿದ ಸಮಯವೇ ಜಾಸ್ತಿ.

ಟೆಂಪರರಿ ಫಿಕ್ಸ್

ಇಷ್ಟಕ್ಕೆ ಮುಗಿಯಿತು ಅಂದುಕೊಂಡೆವು. ಹುಡುಗ ಆ ಟೆಸ್ಟ್‌ನ ಕೋಡನ್ನು ಮೇಲಿಂದ ಕೆಳಗೆ ಓದುತ್ತಿದ್ದ. 'ಮುಂದುವರಿಯಿರಿ' ಬಟನ್ ಒತ್ತುವ ಕಡೆ ಸೆಲೆನಿಯಂನ ಕ್ಲಿಕ್ ಇರಲಿಲ್ಲ. ಜಾವಾಸ್ಕ್ರಿಪ್ಟ್ ಮೂಲಕ ಒತ್ತುವ ಸಾಲು ಇತ್ತು, ಮೇಲೆ "ಟೆಂಪರರಿ ಫಿಕ್ಸ್" ಅಂತ ಕಾಮೆಂಟ್. ಬರೆದವರು ಕಂಪನಿ ಬಿಟ್ಟು ಎರಡು ವರ್ಷ ಆಗಿತ್ತು.

ಎರಡಕ್ಕೂ ವ್ಯತ್ಯಾಸ ದೊಡ್ಡದು. ಸೆಲೆನಿಯಂ ಬ್ರೌಸರ್ ಜೊತೆ ಮಾತಾಡುವ ಪದ್ಧತಿಗೆ ವೆಬ್‌ಡ್ರೈವರ್ ಅನ್ನುತ್ತಾರೆ. ಅದು 2018ರಲ್ಲಿ ಡಬ್ಲ್ಯು3ಸಿ ಅನ್ನುವ ವೆಬ್ ಸಂಸ್ಥೆಯ ಮಾನದಂಡವಾಯಿತು. ಕ್ಲಿಕ್ ಅಂದರೆ ಏನೇನು ಮಾಡಬೇಕು ಅಂತ ಅದರಲ್ಲಿ ಬರೆದಿದೆ. ಬಟನ್ ಕಾಣುವ ಹಾಗೆ ಪುಟ ಸ್ಕ್ರಾಲ್ ಮಾಡಬೇಕು. ಕಾಣುವ ಭಾಗದ ನಡುಬಿಂದು ಲೆಕ್ಕ ಹಾಕಬೇಕು. ಆ ಬಿಂದುವಿನಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಈ ಬಟನ್ನೇನಾ ಅಂತ ನೋಡಬೇಕು. ಬೇರೆ ಏನಾದರೂ ಮೇಲೆ ಕೂತಿದ್ದರೆ ಒತ್ತದೆ 'ಎಲಿಮೆಂಟ್ ಕ್ಲಿಕ್ ಇಂಟರ್‌ಸೆಪ್ಟೆಡ್' ಅನ್ನಬೇಕು. ಜಾವಾಸ್ಕ್ರಿಪ್ಟ್ ಕ್ಲಿಕ್‌ಗೆ ಈ ತಪಾಸಣೆ ಯಾವುದೂ ಇಲ್ಲ. ಬಟನ್ ಮೇಲೆ ಕಂಬಳಿ ಹೊದೆಸಿದ್ದರೂ ನೇರ ಅದರ ಕಿವಿಯಲ್ಲೇ ಹೋಗಿ ಹೇಳುತ್ತದೆ. ಮನುಷ್ಯನ ಬೆರಳಿಗೆ ಆ ದಾರಿ ಇಲ್ಲ.

ಸೆಲೆನಿಯಂನಲ್ಲಿ 'ಎಲಿಮೆಂಟ್ ಟು ಬಿ ಕ್ಲಿಕಬಲ್' ಅನ್ನುವ ವೇಟ್ ಇದೆ. ಹೆಸರು ನೋಡಿ ನಾನೂ ಮೋಸ ಹೋಗಿದ್ದೆ. ಅದು ನೋಡುವುದು ಎರಡೇ: ಕಾಣುತ್ತಿದೆಯಾ, ಎನೇಬಲ್ ಆಗಿದೆಯಾ. ಮೇಲೆ ಏನಾದರೂ ಮುಚ್ಚಿದೆಯಾ ಅಂತ ನೋಡುವುದಿಲ್ಲ.

ಜಾವಾಸ್ಕ್ರಿಪ್ಟ್ ಸಾಲು ತೆಗೆದು ಸಾದಾ ಕ್ಲಿಕ್ ಹಾಕಿದೆವು. ಅದೇ ರಾತ್ರಿ ಕೆಂಪು. ಎರರ್ ಸಂದೇಶ ಈ ಸಲ ಬಾಯಿಬಿಟ್ಟು ಹೇಳಿತ್ತು: ಈ ಬಿಂದುವಿನಲ್ಲಿ ಕ್ಲಿಕ್ ನಿಮ್ಮ ಬಟನ್‌ಗೆ ಹೋಗುವುದಿಲ್ಲ, ಇಂಥ ಡಿವ್‌ಗೆ ಹೋಗುತ್ತದೆ. ಡಿವ್ ಅಂದರೆ ಪುಟದ ಒಂದು ಭಾಗ. ಯಾವುದು ಅದು? "ಇನ್ನು 6 ಸೀಟು ಮಾತ್ರ" ಅನ್ನುವ ಬ್ಯಾನರ್.

ಲ್ಯಾಪ್‌ಟಾಪ್‌ನಲ್ಲಿ ನಾವು ಕಿಟಕಿ ದೊಡ್ಡದು ಮಾಡಿ ಓಡಿಸುತ್ತೇವೆ. ಜೆಂಕಿನ್ಸ್‌ನಲ್ಲಿ ಕ್ರೋಮ್ ಹೆಡ್‌ಲೆಸ್ ಆಗಿ, ಅಂದರೆ ತೆರೆಯ ಮೇಲೆ ಕಿಟಕಿ ತೋರಿಸದೆ ಓಡುತ್ತದೆ, ಅಳತೆ ಹೇಳದಿದ್ದರೆ 800×600. ಅಷ್ಟು ಚಿಕ್ಕ ಕಿಟಕಿಯಲ್ಲಿ ಬ್ಯಾನರ್ ಸರಿಯಾಗಿ 'ಮುಂದುವರಿಯಿರಿ' ಮೇಲೆಯೇ ಬಂದು ಕೂರುತ್ತಿತ್ತು. ಟೀಮ್ ಲೀಡ್ ಹೇಳಿದರು, "ಸೈಜ್ 1920×1080 ಕೊಟ್ಟುಬಿಡಿ, ಹೋಗುತ್ತೆ." ಹೋಗುತ್ತಿತ್ತು, ನಿಜ. ಆದರೆ ನಮ್ಮ ಟಿಕೆಟ್ ಕೊಳ್ಳುವವರ ಕೈಯಲ್ಲಿರುವುದು ಅಷ್ಟು ದೊಡ್ಡ ಕಿಟಕಿ ಅಲ್ಲ, ಫೋನ್. ಮೊಬೈಲ್ ಎಮ್ಯುಲೇಷನ್‌ನಲ್ಲಿ 360×640 ಕೊಟ್ಟು ನೋಡಿದೆವು. ಬಟನ್ ಹೆಚ್ಚುಕಮ್ಮಿ ಪೂರ್ತಿ ಮುಚ್ಚಿತ್ತು, ಒಂದು ಅಂಚು ಮಾತ್ರ ಕಾಣುತ್ತಿತ್ತು. ಬ್ಯಾನರ್ 8 ಸೆಕೆಂಡ್ ಇದ್ದು ಹೋಗುತ್ತದೆ, ಸೀಟು ಬದಲಾದಾಗ ಮತ್ತೆ ಬರುತ್ತದೆ. ಶುಕ್ರವಾರ ಸಂಜೆ ಅದು ಹೋಗುವುದು ಯಾವಾಗ?

ಈ ಮಧ್ಯೆ ಸೆಲೆನಿಯಂ ಬಿಟ್ಟು ಅಂಥದ್ದೇ ಇನ್ನೊಂದು ಟೂಲ್ ಆದ ಪ್ಲೇರೈಟ್‌ಗೆ ಬದಲಾಯಿಸೋಣ ಅನ್ನುವ ಮಾತೂ ಬಂತು. ಅದರ ಬಗ್ಗೆ ನನಗೆ ತಕರಾರಿಲ್ಲ, ಹೊಸ ಪ್ರಾಜೆಕ್ಟ್ ಆದರೆ ನಾನೂ ಅದನ್ನೇ ಹಿಡಿಯುತ್ತೇನೆ. ಮೈಕ್ರೋಸಾಫ್ಟ್ 2020ರಲ್ಲಿ ಬಿಟ್ಟ ಈ ಟೂಲ್ ಕ್ಲಿಕ್‌ಗೆ ಮೊದಲು ತಾನಾಗಿಯೇ ಕಾಯುತ್ತದೆ: ಎಲಿಮೆಂಟ್ ಕಾಣಬೇಕು, ಎರಡು ಫ್ರೇಮ್‌ನಲ್ಲಿ ಇದ್ದ ಕಡೆಯೇ ಇರಬೇಕು, ಎನೇಬಲ್ ಆಗಿರಬೇಕು, ಮೇಲೆ ಏನೂ ಮುಚ್ಚಿರಬಾರದು. ಆದರೆ ನಮ್ಮ ಮೂರು ಕ್ಲಿಕ್‌ಗಳನ್ನು ಅದರ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಕೂತು ಯೋಚಿಸಿದೆವು. ಎಲ್ 7 ಅನ್ನು ಒತ್ತುವಾಗ ಹೊಸದಾಗಿ ಹುಡುಕಿಕೊಳ್ಳುತ್ತಿತ್ತು, ಟೆಸ್ಟ್ ಹಸಿರು, ಕೀ ತಪ್ಪು ಹಾಗೇ ಉಳಿಯುತ್ತಿತ್ತು. ಬ್ಯಾನರ್ ಬಂದರೆ 8 ಸೆಕೆಂಡ್ ತಾಳ್ಮೆಯಿಂದ ಕಾದು ಅದು ಇಳಿದ ಮೇಲೆ ಒತ್ತುತ್ತಿತ್ತು, ಹಸಿರು. 'ಬಸ್ ಹುಡುಕಿ' ಮಾತ್ರ ಅಲ್ಲೂ ಬೀಳುತ್ತಿತ್ತು, ಯಾಕೆಂದರೆ ಹೈಡ್ರೇಷನ್ ಆಗದ ಬಟನ್ ಈ ನಾಲ್ಕೂ ಪರೀಕ್ಷೆ ಪಾಸ್ ಮಾಡುತ್ತದೆ. ನಮ್ಮ ಹಳೆ ಸೆಲೆನಿಯಂನ ಒರಟುತನದಿಂದಲೇ ಎರಡು ತಪ್ಪು ಬಯಲಾದವು ಅಂತ ಲೀಡ್‌ಗೆ ಹೇಳಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಕೊನೆಗೆ ಆ ಟೆಸ್ಟ್‌ ಅನ್ನು ಎರಡು ಮಾಡಿದೆವು. ಒಂದು 1920×1080ರಲ್ಲಿ, ಒಂದು 360×640ರಲ್ಲಿ. ಎರಡಕ್ಕೂ ಸಾದಾ ಕ್ಲಿಕ್, ಸ್ಲೀಪ್ ಇಲ್ಲ. ಪ್ರತಿ ಟೆಸ್ಟ್‌ಗೂ ತನ್ನದೇ ಬಸ್, ಒಬ್ಬರ ಸೀಟು ಇನ್ನೊಬ್ಬರು ಹಿಡಿಯದ ಹಾಗೆ. ಬ್ಯಾನರ್ ಬರುವಂತೆ ಡೇಟಾದಲ್ಲಿ 6 ಸೀಟು ಮಾತ್ರ ಉಳಿಸಿದೆವು. ಒಂದು ಶನಿವಾರ ರಾತ್ರಿ ಎರಡನ್ನೂ ತಲಾ 200 ಸಲ ಓಡಿಸಿದೆವು. ದೊಡ್ಡ ಸ್ಕ್ರೀನ್‌ನದು 200ಕ್ಕೆ 200 ಪಾಸ್. ಚಿಕ್ಕದು 200ಕ್ಕೆ 200 ಫೇಲ್. ಅಷ್ಟೂ ಫೇಲ್ ನೋಡಿ ನಮ್ಮಿಬ್ಬರಿಗೂ ಆದ ಖುಷಿ ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಬ್ಯಾನರ್ ಸರಿಮಾಡಿ ಅಂತ ಡೆವಲಪರ್‌ಗಳಿಗೆ ಟಿಕೆಟ್, ಅಂದರೆ ನಂಬರ್ ಹಾಕಿದ ದೂರು ಕೊಟ್ಟೆವು. ಸರಿಯಾಗುವವರೆಗೆ ಆ ಟೆಸ್ಟ್ ಸ್ಕಿಪ್ ಮಾಡಿ ಅಂತ ಎರಡು ಸಲ ಮೇಲ್ ಬಂತು. ಮಾಡಲಿಲ್ಲ. 11 ದಿನ ಬೆಳಿಗ್ಗೆ ರಿಪೋರ್ಟ್‌ನಲ್ಲಿ ಅದೊಂದೇ ಕೆಂಪು, ಪಕ್ಕದಲ್ಲಿ ಟಿಕೆಟ್ ನಂಬರ್. ಹನ್ನೆರಡನೇ ದಿನ ಹಸಿರಾಯಿತು. ಬ್ಯಾನರ್ ಈಗ ಕೆಳಗಿನಿಂದ ಬರುವುದಿಲ್ಲ, ಮೇಲಿನಿಂದ ಇಳಿಯುತ್ತದೆ. ಇಳಿದು ಹಿಂದಿನ ಪುಟಕ್ಕೆ ಹೋಗುವ ಬಾಣದ ಗುರುತಿನ ಮೇಲೆ ಕೂರುತ್ತದೆ. ಅದಕ್ಕೆ ನಿನ್ನೆ ಹುಡುಗ ಹೊಸ ಟಿಕೆಟ್ ಹಾಕಿದ್ದಾನೆ.